ಎಣ್ಣೆ ಕಂಪನಿಯ ಷೇರು ಕೊಂಡ ಹೆಬ್ಬಾತು

ಮಕ್ಕಳೇ, ನೆಟ್ಟಗೆ ಕುಳಿತುಕೊಳ್ಳಿ. ಈ ಕತೆಯಲ್ಲಿ ಕಾಡಿನ ನಡುವೆ ಒಂದು ಕೆರೆ ಇದೆ, ಕೆರೆಯ ಹಿಂದೆ ಒಂದು ಕಲ್ಲುಗುಡ್ಡ ಇದೆ, ಕೆರೆಯ ದಡದಲ್ಲಿ ಒಬ್ಬ ದಡ್ಡಿ ಇದ್ದಾಳೆ. ಆ ದಡ್ಡಿ ನಾನೇ.

ನಾನು ಹೆಬ್ಬಾತು. ಕಾನ್ವೆಂಟ್ ಶಾಲೆಯ ಅಂಗಳದಲ್ಲಿ ಬೆಳೆದವಳು. ಅಲ್ಲಿನ ಸಿಸ್ಟರ್‌ಗಳು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಉಗುರು ಪರೀಕ್ಷಿಸುವುದನ್ನು ಎರಡು ವರ್ಷ ನೋಡಿದ್ದೆ. ಈ ಕೆರೆಗೆ ಬಂದ ಮೇಲೆ ಆ ಕೆಲಸವನ್ನು ನಾನೇ ವಹಿಸಿಕೊಂಡೆ. ಯಾರೂ ಕೇಳಿರಲಿಲ್ಲ. ಪ್ರತಿದಿನ ಬೆಳಿಗ್ಗೆ ಕಪ್ಪೆ, ಆಮೆ, ನೀರುಕೋಳಿ ನನ್ನ ಮುಂದೆ ಕಾಲು ಚಾಚಬೇಕಿತ್ತು. ಎಲ್ಲರೂ ನನ್ನನ್ನು ಮಿಸ್ ಎಂದು ಕರೆಯುತ್ತಿದ್ದರು. ಬೆನ್ನ ಹಿಂದೆ ಏನೆಂದು ಕರೆಯುತ್ತಿದ್ದರೋ, ಅದನ್ನು ಮಕ್ಕಳ ಮುಂದೆ ಹೇಳುವಂತಿಲ್ಲ.

ಪಕ್ಕದ ದಿಬ್ಬದ ಬಿಲದ ಹೆಗ್ಗಣ ದುಗ್ಗಮ್ಮ ಮಾತ್ರ ಒಂದು ದಿನವೂ ಪಾಸಾಗಲಿಲ್ಲ. ಸದಾ ಮಣ್ಣು ಅಗೆಯುವವಳು, ಮೊಣಕೈವರೆಗೂ ಕೆಸರು.

"ನಾಳೆ ತೊಳ್ಕೊಂಡು ಬರ್ತೀನಿ ಮಿಸ್," ಎನ್ನುತ್ತಿದ್ದಳು. ಮರುದಿನ ಹೊಸ ಕೆಸರು ಇರುತ್ತಿತ್ತು.

ಆ ವರ್ಷ ಮಳೆಗೆ ಮುಂಚೆ ನಾನು ಜೊಂಡಿನ ನಡುವೆ ನಾಲ್ಕು ಮೊಟ್ಟೆ ಇಟ್ಟಿದ್ದೆ. ಎದೆಯ ತುಪ್ಪುಳವನ್ನೇ ಕಿತ್ತು ಗೂಡಿಗೆ ದಪ್ಪನೆಯ ಹಾಸು ಮಾಡಿದ್ದೆ. ಮಳೆ ಹಿಡಿದಾಗ ಮೊಟ್ಟೆಯನ್ನು ಬೆಚ್ಚಗಿಡುವುದು ಆ ಹಾಸು. ಮೊಟ್ಟೆ ತಣ್ಣಗಾದರೆ ಮರಿ ಆಗುವುದಿಲ್ಲ.

ಒಂದು ಸಂಜೆ ಪುನುಗು ಬೆಕ್ಕು ಬಂದ. ಅವನಿಗಿಂತ ಮೊದಲು ಅವನ ಸುವಾಸನೆ ಬಂತು.

"ಒಳಗೆ ಬರಬಹುದೇ, ಮೇಡಂ?" ಎಂದು ಜೊಂಡಿನ ಆಚೆಯೇ ನಿಂತು ಕೇಳಿದ. ಹುಲ್ಲಿಗೆ ಕಾಲು ಒರೆಸಿಕೊಂಡ. ನಾನು ಬಾಯಿ ತೆರೆಯುವ ಮೊದಲೇ ಉಗುರು ತೋರಿಸಿದ. ಒಂದೊಂದೂ ಮುತ್ತಿನಂತೆ ಹೊಳೆಯುತ್ತಿತ್ತು. ನಾನು ಮನಸ್ಸಿನಲ್ಲೇ ಹತ್ತಕ್ಕೆ ಹತ್ತು ಕೊಟ್ಟೆ.

"ಈ ಕಲ್ಲುಗುಡ್ಡದ ಅಡಿಯಲ್ಲಿ ಎಣ್ಣೆ ಇದೆ, ಮೇಡಂ. ಅನಿಲವೂ ಇದೆ. ಅಗೆದು ಹುಡುಕಲು ನಾನೊಂದು ಕಂಪನಿ ಕಟ್ಟಿದ್ದೇನೆ. ಕೆಲಸಗಾರರ ಹಾಸಿಗೆಗೆ ಒಂದು ಹಿಡಿ ತುಪ್ಪುಳ ಕೊಟ್ಟವರಿಗೆ ಒಂದು ಷೇರು. ಎಣ್ಣೆ ಸಿಕ್ಕಿದ ದಿನ ಪಾಲು."

"ನನಗೆ ಎಣ್ಣೆ ಏತಕ್ಕೆ?"

"ನಿಮ್ಮಂಥವರು ದಿನವಿಡೀ ಬಾಲದ ಬುಡದಿಂದ ಎಣ್ಣೆ ತೆಗೆದು ಗರಿಗೆ ಸವರಿಕೊಳ್ಳುತ್ತಾ ಕೂರಬೇಕೇ? ಇದನ್ನು ಒಮ್ಮೆ ಹಚ್ಚಿದರೆ ಇಡೀ ಮಳೆಗಾಲ ಹನಿ ನೀರು ಅಂಟುವುದಿಲ್ಲ. ಹುಟ್ಟುವ ಮರಿಗಳಿಗೂ ಹಚ್ಚಬಹುದು."

"ಎಣ್ಣೆ ಇದೆ ಎನ್ನುವುದಕ್ಕೆ ಆಧಾರ?"

ಪುನುಗು ಕೆರೆಯ ಕಡೆ ಕೈ ತೋರಿಸಿದ. ನೀರಿನಲ್ಲಿ ಗುಳುಗುಳು ಎಂದು ಗುಳ್ಳೆಗಳು ಏಳುತ್ತಿದ್ದವು. "ನೋಡಿ, ಅನಿಲ."

ಅಷ್ಟರಲ್ಲಿ ಆಮೆ ನೀರಿನಿಂದ ತಲೆಯೆತ್ತಿತು. "ಮಿಸ್, ಅದು ನಾನು."

ಹಿರಿಯರು ಮಾತನಾಡುವಾಗ ನಡುವೆ ಬಾಯಿ ಹಾಕಬಾರದು ಎಂದು ನಾನು ಆಮೆಯನ್ನು ಗದರಿದೆ. ಆಮೆಗೆ ಆಗ ತೊಂಬತ್ತು ವರ್ಷ.

ಗೂಡಿನ ಹಾಸಿನಿಂದಲೇ ಆರು ಹಿಡಿ ತೆಗೆದುಕೊಟ್ಟು ಆರು ಷೇರು ಕೊಂಡೆ. ಷೇರು ಎಂದರೆ ಪುನುಗಿನ ಹೆಜ್ಜೆ ಒತ್ತಿದ ಮುತ್ತುಗದ ಎಲೆ. ಆರನ್ನೂ ಅಂಚಿಗೆ ಅಂಚು ಕೂಡಿಸಿ ಎತ್ತಿಟ್ಟೆ.

ದುಗ್ಗಮ್ಮ ಬಿಲದ ಬಾಯಲ್ಲಿ ನಿಂತು ಎಲ್ಲವನ್ನೂ ನೋಡಿದ್ದಳು. "ಮಿಸ್, ಒಂದು ಮಾತು. ನಾನು ಹುಟ್ಟಿದಾಗಿಂದ ಅಗೀತಿದೀನಿ. ಅಗೆಯೋರ ಉಗುರು ಅಷ್ಟು ಚೊಕ್ಕ ಇರಲ್ಲ."

"ನಿನ್ನ ಉಗುರನ್ನು ನೋಡಿಕೊಂಡು ಆಮೇಲೆ ಬೇರೆಯವರದ್ದನ್ನು ಹೇಳು," ಎಂದೆ.

"ನೋಡ್ಕೊಂಡೇ ಹೇಳ್ತಿರೋದು," ಎಂದು ಅವಳು ಒಳಗೆ ಹೋದಳು.

ವಾರ ಕಳೆದ ಮೇಲೆ ಪುನುಗು ಮತ್ತೆ ಬಂದ. ಬಾಳೆಲೆಯ ಮೇಲೆ ಗೀಚಿದ ವರದಿ ತಂದಿದ್ದ. "ಇನ್ನು ಎರಡೇ ಮೊಳ, ಮೇಡಂ. ವಾಸನೆ ಆಗಲೇ ಬರುತ್ತಿದೆ. ಈಗ ನಿಲ್ಲಿಸಿದರೆ ಮೊದಲು ಕೊಟ್ಟದ್ದೂ ಮಣ್ಣುಪಾಲು."

ನಾನು ವರದಿಯನ್ನು ಎರಡು ಸಲ ಓದಿದೆ. ಎಡಗಡೆ ಅಂಚು ಬಿಟ್ಟಿರಲಿಲ್ಲ. ಅದನ್ನು ತೋರಿಸಿ ಬುದ್ಧಿ ಹೇಳಿದೆ. ಅವನು ತಲೆತಗ್ಗಿಸಿ ಕ್ಷಮೆ ಕೇಳಿದ. ಆ ವಿನಯಕ್ಕೆ ಮೆಚ್ಚಿ ಗೂಡಿನಲ್ಲಿ ಉಳಿದಿದ್ದ ಹಾಸನ್ನೆಲ್ಲ ಕೊಟ್ಟು ಇನ್ನೂ ಆರು ಷೇರು ಕೊಂಡೆ. ಅಗೆದ ಗುಂಡಿಯನ್ನು ತೋರಿಸು ಎಂದು ಮಾತ್ರ ಕೇಳಲಿಲ್ಲ.

ಮೂರನೆಯ ದಿನಕ್ಕೆ ಮಳೆ ಬಂತು. ಬರಿಯ ಜೊಂಡಿನ ಮೇಲೆ ಮೊಟ್ಟೆಗಳು. ಮೇಲಿನಿಂದ ನಾನು ಎಷ್ಟು ಒತ್ತಿ ಕೂತರೂ ಕೆಳಗಿನಿಂದ ತೇವ ಏರುತ್ತಿತ್ತು. ಷೇರು ಹಿಂದಿರುಗಿಸಿ ತುಪ್ಪುಳ ತರುತ್ತೇನೆಂದು ಕಲ್ಲುಗುಡ್ಡಕ್ಕೆ ಓಡಿದೆ.

ಅಲ್ಲಿ ಗುಂಡಿ ಇರಲಿಲ್ಲ. ಪುನುಗೂ ಇರಲಿಲ್ಲ. ಬಂಡೆಯ ಸಂದಿಯಲ್ಲಿ ಒಂದು ಓತಿಕ್ಯಾತ ಕೂತಿತ್ತು.

"ಎಣ್ಣೆ ಕಂಪನಿ ಇದೇ ಅಲ್ಲವೇ?" ಎಂದು ಕೇಳಿದೆ.

"ಆ ಘಮಘಮದವನಾ? ಮೊನ್ನೆ ಹಾಸಿಗೆ ಸುತ್ತಿಕೊಂಡು ಆಚೆ ಕಾಡಿಗೆ ಹೋದ. ಅಬ್ಬಾ, ಎಂಥಾ ಮೆತ್ತನೆ ಹಾಸಿಗೆ ಅಂತೀರಿ."

"ಅವನು ಅಗೆಯುತ್ತಿರಲಿಲ್ಲವೇ?"

"ಮೂಗಿನ ಮೇಲೆ ನೊಣ ಕೂತರೂ ಕೆರೆದುಕೊಳ್ಳುತ್ತಿರಲಿಲ್ಲ."

ನಾನು ಹಿಂದಿರುಗಿದಾಗ ಗೂಡು ಖಾಲಿ.

"ಇಲ್ಲಿವೆ ಮಿಸ್," ಎಂಬ ದನಿ ಬಿಲದೊಳಗಿನಿಂದ ಬಂತು. "ನೀರು ಏರ್ತಿತ್ತು. ಒಂದೊಂದೇ ಉರುಳಿಸಿಕೊಂಡು ತಂದೆ."

"ದುಗ್ಗಮ್ಮ, ನೀನು ಮೊಟ್ಟೆ ತಿನ್ನುವವಳಲ್ಲವೇ?"

"ತಿಂತೀನಿ. ಪಕ್ಕದ ಮನೆಯವರದ್ದು ತಿನ್ನಲ್ಲ. ಈಗ ಬೇಗ ಒಳಗೆ ಬನ್ನಿ. ಕಾವು ಕೊಡೋಕೆ ನನಗೆ ಬರಲ್ಲ."

ಬಿಲದ ಬಾಯಿ ನನಗೆ ಚಿಕ್ಕದಾಗಿತ್ತು. ದುಗ್ಗಮ್ಮ ಎರಡೂ ಕೈಯಿಂದ ಬರಬರನೆ ಅಗೆದು ದೊಡ್ಡದು ಮಾಡಿದಳು. ನಾನು ಹೊಟ್ಟೆಯ ಮೇಲೆ ತೆವಳುತ್ತಾ, ಕೊಕ್ಕಿನ ತುಂಬ ಮಣ್ಣು ತುಂಬಿಕೊಂಡು ಒಳಗೆ ಹೋದೆ. ರೆಕ್ಕೆಯಡಿ ಇಟ್ಟುಕೊಂಡಿದ್ದ ಹನ್ನೆರಡು ಎಲೆಗಳು ಕೆಳಗೆ ಬಿದ್ದವು.

"ಒಣಗಿವೆಯಾ?" ಎಂದಳು ದುಗ್ಗಮ್ಮ. "ಹಂಗಾದರೆ ಮೊಟ್ಟೆ ಅಡಿಗೆ ಹಾಕಿ. ಏನಕ್ಕಾದರೂ ಬರಲಿ."

ಹನ್ನೊಂದು ದಿನ ಆ ಕತ್ತಲೆಯಲ್ಲಿ ಕೂತೆ. ಮೂರು ಮೊಟ್ಟೆ ಒಡೆದು ಮರಿಗಳು ಹೊರಬಂದವು. ನಾಲ್ಕನೆಯದು ತಣ್ಣಗೇ ಉಳಿಯಿತು. ಅದರ ಮೇಲೆ ಇನ್ನೂ ಎರಡು ದಿನ ಕೂತೆ. ದುಗ್ಗಮ್ಮ ನನ್ನ ಪಕ್ಕದಲ್ಲೇ ಕೂತಿದ್ದಳು.

ಈಗ ಮರಿಗಳು ಅವಳನ್ನು ದೊಡ್ಡಮ್ಮ ಎನ್ನುತ್ತವೆ, ಅವಳ ಹಿಂದೆ ಹೋಗಿ ಕಾಲಿನಿಂದ ನೆಲ ಕೆದರುತ್ತವೆ. ಹೆಬ್ಬಾತಿನ ಮಕ್ಕಳಿಗೆ ಇದು ಶೋಭಿಸುವುದಿಲ್ಲ ಎಂದು ಹೇಳಲು ನಿನ್ನೆ ಬಾಯಿ ತೆರೆದೆ. ಆಮೇಲೆ ಮುಚ್ಚಿಕೊಂಡೆ.

ನೀತಿ: ನೆಲದೊಳಗಿನ ನಿಧಿ ತೆಗೆದುಕೊಡುತ್ತೇನೆ ಎನ್ನುವವನ ನಯವಿನಯಕ್ಕೆ ಮರುಳಾಗಬೇಡಿ, ಮೊದಲು ಅವನು ಅಗೆದ ಗುಂಡಿಯನ್ನು ನೋಡಿ, ನೋಡಿದ ಮೇಲೂ ಗೂಡಿನ ಹಾಸನ್ನು ಕಿತ್ತು ಕೊಡಬೇಡಿ.