ಅರ್ಧ ಪಟ್ಟಣ ಗೆದ್ದ ಕೆಂಚಣ್ಣ

"ಕೇಳಿರಿ, ಕೇಳಿರಿ! ಯುದ್ಧದಲ್ಲಿ ತೊರೆಪಟ್ಟಣ ನಮ್ಮ ಕೈವಶವಾಗಿದೆ. ಚಂಡವರ್ಮ ಮಹಾಪ್ರಭುಗಳ ಮೂರು ಒಗಟು ಬಿಡಿಸಿದವರಿಗೆ ಅರ್ಧ ಪಟ್ಟಣ ಬಿಟ್ಟುಕೊಡಲಾಗುವುದು. ತಪ್ಪು ಹೇಳಿದವರ ತಲೆ ಕೋಟೆಬಾಗಿಲಿಗೆ!"

ಡಂಗುರ ಕೇಳಿ, ಯುದ್ಧದಲ್ಲಿ ಸೋತು ಆ ಪಟ್ಟಣ ಕಳೆದುಕೊಂಡಿದ್ದ ನೆರೆರಾಜ್ಯದ ಕೆಂಚಣ್ಣನ ಹೊಟ್ಟೆ ಉರಿಯಿತು. ಬಂದರಿನಲ್ಲಿ ಮೂಟೆ ಹೊತ್ತು, ಹಮಾಲರನ್ನು ಒಗ್ಗೂಡಿಸಿ, ಸಾಹುಕಾರರನ್ನು ಮಣಿಸಿದ್ದ ಆಳು ಅವನು. ಯುದ್ಧ ಮುಗಿದ ಮೇಲೆ ಅವನ ಅರಸ ಅವನನ್ನೇ ಮಂತ್ರಿ ಮಾಡಿದ್ದ. ಬೊಕ್ಕಸ ಬರಿದಾಗಿ ಸೈನ್ಯ ಸೊರಗಿದ್ದಾಗ ಆ ಪದವಿ ಬೇರೆ ಯಾರಿಗೆ ಬೇಕಿತ್ತು ಹೇಳಿ!

"ಅರ್ಧ ಯಾಕೆ ಬುದ್ಧೀ? ಇಡೀ ಊರನ್ನೇ ಬಿಡಿಸಿಕೊಂಡು ಬರ್ತೀನಿ," ಎಂದು ಅರಸನಿಗೆ ಕೈಮುಗಿದು ಹೊರಟ. ಚೌಕಾಸಿಯಲ್ಲಿ ಅವನು ಅಲ್ಲಿಯವರೆಗೆ ಸೋತವನಲ್ಲ.

ತುಂಬಿದ ಸಭೆಯಲ್ಲಿ ಚಂಡವರ್ಮ ಮೊದಲ ಒಗಟು ಕೇಳಿದ. "ಗೆದ್ದವನ ಮನೆಗೂ ಸೋತವನ ಮನೆಗೂ ಯುದ್ಧ ಮುಗಿದ ಮರುದಿನವೇ ಬಂದು ಕೂರುವ ನೆಂಟ ಯಾರು?"

ದೂರದ ನಾಡಿನ ರಾಜಕುಮಾರನೊಬ್ಬ ಮೀಸೆ ತಿರುವಿ, "ಶಾಂತಿ!" ಎಂದ. ಅವನ ತಲೆ ಉರುಳಿತು. ಪಾಪ, ಆ ಮೀಸೆ ಆಗಷ್ಟೇ ಚಿಗುರಿತ್ತು.

ಕೆಂಚಣ್ಣ ಮುಂದೆ ಬಂದು ಕೈಮುಗಿದ. "ಹಸಿವು, ಬುದ್ಧೀ. ಹಿಂದೊಮ್ಮೆ ಗೆದ್ದ ಹಬ್ಬದ ದಿನವೂ ನಮ್ಮ ಕೇರೀಲಿ ಒಲೆ ಉರೀಲಿಲ್ಲ, ಈಗ ಸೋತ ಮೇಲೂ ಉರೀತಿಲ್ಲ."

"ಸರಿ. ಇಬ್ಬರು ಸೇರಿ ಮಾಡಿದ್ದು, ಹೊರುವಾಗ ಮಾತ್ರ ಒಬ್ಬ ಇನ್ನೊಬ್ಬನ ಹೆಗಲು ತೋರಿಸುವ ಹೊರೆ ಯಾವುದು?"

"ಸಂಸಾರ!" ಎಂದ ಮುದಿ ಪಂಡಿತನೊಬ್ಬ, ಅನುಭವದಿಂದಲೇ ಇರಬೇಕು. ಅವನನ್ನೂ ಎಳೆದೊಯ್ದರು.

"ಯುದ್ಧ ಹೂಡಿದ ಪಾಪ, ಬುದ್ಧೀ," ಎಂದ ಕೆಂಚಣ್ಣ. "ನೀವು ನಮ್ಮ ಕಡೆ ಬೆರಳು ತೋರಿಸ್ತೀರಿ, ನಾವು ನಿಮ್ಮ ಕಡೆ."

ದೊರೆಯ ಹುಬ್ಬು ಗಂಟಾಯಿತು. "ಕೋಟೆಗೋಡೆ ಎತ್ತರಿಸಿದಷ್ಟೂ ಒಳಗೆ ಬೆಳೆಯುವುದೇನು?"

ಉಳಿದವರೆಲ್ಲ ಹಿಂದೆ ಸರಿದರು, ಕೆಂಚಣ್ಣನೇ ಮುಂದಾದ. "ಭಯ, ಬುದ್ಧೀ. ಹೆದರಿದವನೇ ಗೋಡೆ ಕಟ್ಟೋದು. ಕಟ್ಟಿದ ಮೇಲೆ ಆಚೆ ಏನಿದೆಯೋ ಕಾಣದೆ ಇನ್ನಷ್ಟು ಹೆದರೋದು."

"ಅರ್ಧ ಪಟ್ಟಣ ನಿನ್ನದು," ಎಂದ ಚಂಡವರ್ಮ.

"ಇಡೀ ಪಟ್ಟಣ ಕೊಡಿ. ಅಲ್ಲೀವರೆಗೂ ಏಳೋದಿಲ್ಲ," ಎಂದು ಕೆಂಚಣ್ಣ ಸಭೆಯ ನಡುವೆ ಚಕ್ಕಳಮಕ್ಕಳ ಹಾಕಿ ಕೂತೇಬಿಟ್ಟ. ಬಂದರಿನಲ್ಲಿ ಹೀಗೆ ಕೂತಾಗಲೆಲ್ಲ ಹಡಗಿನ ಸರಕು ಕೊಳೆತು, ಸಾಹುಕಾರರು ಓಡೋಡಿ ಬರುತ್ತಿದ್ದರು.

ಚಂಡವರ್ಮ ನಕ್ಕ. "ಕೂತಿರಪ್ಪಾ. ನನ್ನದೇನು ಕೊಳೆಯುತ್ತದೆ? ನೀನು ಏಳುವ ತನಕ ಪಟ್ಟಣಕ್ಕೆ ಕಾಳು ಹೋಗುವುದಿಲ್ಲ, ಅಷ್ಟೇ."

ಕೆಂಚಣ್ಣ ದಿನಗಟ್ಟಲೆ ಹಲ್ಲು ಕಚ್ಚಿ ಕೂತ. ಪಟ್ಟಣದಲ್ಲಿ ಹಸಿದ ಮಕ್ಕಳು ಸಾಯತೊಡಗಿದ ಸುದ್ದಿ ಬಂತು. ಹಟ ಹಿಡಿದವನು ತಾನು, ಉಪವಾಸ ಬಿದ್ದವರು ಅವರು. ಅವನಿಗೆ ಅಳು ತಡೆಯಲಾಗಲಿಲ್ಲ. ಎದ್ದು ನಿಂತು, "ಅರ್ಧಾನೇ ಕೊಡಿ," ಎಂದ.

ದೊರೆ ಮಾತಿಗೆ ತಪ್ಪಲಿಲ್ಲ. ಪಟ್ಟಣದ ನಡುಬೀದಿಯಲ್ಲಿ ಗೋಡೆ ಎದ್ದಿತು, ಈಚೆಯವರಿಗೆ ಬಿಡುಗಡೆಯಾಯಿತು, ಆಚೆಯವರು ಚಂಡವರ್ಮನ ಕೈಯಲ್ಲೇ ಉಳಿದರು. ಕೆಂಚಣ್ಣನ ಅರಸ ಅವನಿಗೆ ರತ್ನದ ಪದಕ ತೊಡಿಸಿದ. ಬಿಡುಗಡೆಯಾದ ಜನ ಅವನನ್ನು ಹೆಗಲ ಮೇಲೆ ಹೊತ್ತು ಮೆರೆಸಿದರು. ಗುಂಪಿನೊಳಗಿಂದ ಮುದುಕಿಯೊಬ್ಬಳು ನುಗ್ಗಿ ಬಂದು, ಜೋತುಬಿದ್ದ ಅವನ ಪಾದ ಹಿಡಿದುಕೊಂಡಳು.

"ನಿನ್ನ ಹೊಟ್ಟೆ ತಣ್ಣಗಿರಲಿ ನನ್ನಪ್ಪಾ. ನನ್ನ ಮಗಳ ಮನೆ ಬೀದಿಯ ಎದುರುಸಾಲಿನಲ್ಲಿತ್ತು, ಈಗ ಗೋಡೆ ಆಚೆ. ಅವಳು ಯಾವಾಗ ಬರ್ತಾಳೆ?"

"ಇಳಿಸ್ರಪ್ಪಾ ನನ್ನ," ಎಂದ ಕೆಂಚಣ್ಣ. ಜಯಕಾರದಲ್ಲಿ ಯಾರಿಗೂ ಕೇಳಿಸಲಿಲ್ಲ. ಹೊತ್ತವರು ಮುಂದೆ ನಡೆದರು. ಮುದುಕಿಯ ಕೈಯಿಂದ ಪಾದ ಜಾರಿತು.