ಸಿಲಿಕಾನ್ ಹಿಂದಿನ ಎಲೆ

ಒಂದಾನೊಂದು ಕಾಲದಲ್ಲಿ, ತೀರಾ ಹಳೇ ಕಾಲವೇನಲ್ಲ ಕಂದ, ಒಂದೂರಿನ ಶಾಲೇಲಿ ಪುಟ್ಟನರಸಮ್ಮ ಅಂತ ವಿಜ್ಞಾನದ ಟೀಚರ್ ಇದ್ದರಂತೆ. ಕಾಲು ಒದೀಬೇಡ, ಹೊದಿಕೆ ಜಾರುತ್ತೆ. ಒಳ್ಳೇ ಹೆಂಗಸೇ, ಆದರೆ ಕೋಪ ಮಾತ್ರ ಮೂಗಿನ ತುದೀಲೇ. ನಾಳೆ ನಿಂಗೆ ಪರೀಕ್ಷೆಗಿದೆಯಲ್ಲ ಆವರ್ತಕ ಕೋಷ್ಟಕ, ಮೂಲವಸ್ತುಗಳನ್ನೆಲ್ಲ ಸಾಲಾಗಿ ಮನೆ ಮಾಡಿ ಕೂರಿಸಿರೋದು, ಅದನ್ನೇ ಅವರು ಮಕ್ಕಳಿಗೆ ಕಲಿಸಬೇಕಿತ್ತಂತೆ.

ಮೊದಲನೇ ಸಲ ಮಗ್ಗಿ ಹೇಳಿಸೋ ಹಾಗೆ ಹೇಳಿಸಿದರು. ಹೈಡ್ರೋಜನ್, ಹೀಲಿಯಂ, ಲಿಥಿಯಂ ಅಂತ ಮಕ್ಕಳು ಹೆಂಚು ಹಾರೋ ಹಾಗೆ ಕೂಗಿದವು. ಆಮೇಲೆ ಕಾರ್ಬನ್ ಆದಮೇಲೆ ಯಾವುದು ಅಂದರೆ ಎಲ್ಲ ತಿರುಗಿ ಹೈಡ್ರೋಜನ್ನಿಂದ ಶುರು ಮಾಡೋವು. ಚಿಕ್ಕತಾಯಿ ಅಂತ ಒಬ್ಬ ಹುಡುಗೀನ ಎಬ್ಬಿಸಿ ಸಿಲಿಕಾನ್ ಕೆಳಗೆ ಯಾರೇ ಅಂತ ಕೇಳಿದರಂತೆ. ಅವಳೂ ಹೈಡ್ರೋಜನ್ನಿಂದ ಹೊರಟು ನಡುದಾರೀಲಿ ತಪ್ಪಿ ನಿಂತುಬಿಟ್ಟಳು. ಟೀಚರಿಗೆ ರೇಗಿಹೋಯ್ತು. ನಿನ್ನ ತಲೆಗೆ ಇದು ಹತ್ತಲ್ಲ, ನೀನು ಬಂದರೂ ಒಂದೇ ಬರದಿದ್ದರೂ ಒಂದೇ ಅಂದುಬಿಟ್ಟರಂತೆ.

ಮಾರನೇ ದಿನದಿಂದ ಚಿಕ್ಕತಾಯಿ ಶಾಲೆ ಕಡೆ ತಲೆ ಹಾಕಲಿಲ್ಲ. ಅವರಪ್ಪ, ಟೀಚರೇ ಹಂಗಂದ ಮೇಲೆ ಇನ್ನೇನು, ಸೋಮವಾರದಿಂದ ರೇಷ್ಮೆ ನೂಲು ತೆಗೆಯೋಕೆ ಹೋಗು ಅಂದನಂತೆ. ಅದು ಕಿವಿಗೆ ಬಿದ್ದಮೇಲೆ ಟೀಚರ್ ಉಣ್ಣೋ ತಟ್ಟೆ ಬಿಟ್ಟು ಎದ್ದರಂತೆ. ಮನೆ ತನಕ ಹೋಗಿ ಕರೆದರು. ಹುಡುಗಿ ಬಾಗಿಲ ಸಂದಿಯಿಂದ ಆಚೆಗೇ ಬರಲಿಲ್ಲವಂತೆ.

ಆಮೇಲೆ ಎರಡನೇ ಸಲ ಒಬ್ಬೊಬ್ಬರ ಕೊರಳಿಗೂ ಒಂದೊಂದು ಹೆಸರಿನ ರಟ್ಟು ಕಟ್ಟಿ, ನೀವೇ ಸರಿಯಾಗಿ ನಿಂತ್ಕೊಳ್ಳಿ ಅಂದರಂತೆ. ಕಬ್ಬಿಣ ಆದೋನು ನಾನೇ ಗಟ್ಟಿ ಅಂತ ಎಲ್ಲರ ಮುಂದೆ ಬಂದ. ಆರ್ಸೆನಿಕ್ ಸಿಕ್ಕೋಳು ನಾನು ವಿಷ ಆಗಲ್ಲ ಮಿಸ್ ಅಂತ ಅತ್ತಳು. ಟೀಚರ್ ಹಣೆ ಹಣೆ ಚಚ್ಚಿಕೊಂಡರಂತೆ. ಕೊನೆಗೆ ಅವರ ಕೈಯಲ್ಲಿ ಒಂದು ರಟ್ಟು ಉಳೀತು, ಜರ್ಮೇನಿಯಂ. ಸಿಲಿಕಾನ್ ಕೆಳಗೆ ಬರೋದು ಅದೇ. ಚಿಕ್ಕತಾಯಿಗೆ ಅಂತ ಬರೆದಿಟ್ಟಿದ್ದು.

ನಿದ್ದೆ ಬಂತಾ? ಕೇಳು, ಇದು ಮೂರನೇದು. ಶುಕ್ರವಾರ ಬಿಸಿಯೂಟಕ್ಕೆ ಪಾಯಸ ಮಾಡಿಸಿ, ಶಾಲೆ ಅಂಗಳದಲ್ಲಿ ಬಾಳೆಎಲೆ ಹಾಕಿ, ಒಂದರ ಹಿಂದೆ ಒಂದು ಪಂಕ್ತಿ ಕೂರಿಸಿದರಂತೆ. ಎಡಗಡೆ ಲಿಥಿಯಂ, ಅದರ ಬೆನ್ನಿಗೆ ಸೋಡಿಯಂ, ಅದರ ಬೆನ್ನಿಗೆ ಪೊಟ್ಯಾಸಿಯಂ, ನೀರು ಸೋಕಿದರೆ ಸಿಡುಕೋ ಮನೆತನ. ಬಲತುದೀಲಿ ಹೀಲಿಯಂ, ನಿಯಾನ್, ಆರ್ಗಾನ್, ಯಾರ ಜೊತೆಗೂ ಬೆರೆಯದ ಬಿಗುಮಾನದೋರು. ಕೋಷ್ಟಕದಲ್ಲಿ ಕೆಳಗೆ ಬರೋರು ಇಲ್ಲಿ ಬೆನ್ನಿಗೆ, ಬೆನ್ನಿಗೆ ಕೂತೋರೆಲ್ಲ ಒಂದೇ ಮನೆಯೋರು ಅಂತ ಮಕ್ಕಳಿಗೆ ಥಟ್ಟನೆ ಹತ್ತಿತಂತೆ.

ಆದರೆ ಸಿಲಿಕಾನ್ ಹಿಂದಿನ ಎಲೆ ಖಾಲಿ. ಪಂಕ್ತೀಲಿ ಖಾಲಿ ಎಲೆ ಇದ್ದರೆ ನಮ್ಮ ಜನಕ್ಕೆ ತಡೆಯುತ್ತಾ? ಜರುಗಿ ಜರುಗಿ ಅಂತ ಆರ್ಸೆನಿಕ್ ಆ ಎಲೆಗೆ ಬಂದಳು, ಅವಳ ಎಲೆಗೆ ಪಕ್ಕದೋನು, ಅವನ ಎಲೆಗೆ ಇನ್ನೊಬ್ಬ. ಸಿಡುಕೋರ ಹಿಂದೆ ಸಿಡುಕೋರು ಉಳಿದರು, ಮಿಕ್ಕ ಮನೆತನ ಕಲಸುಮೇಲೋಗರ. ಟೀಚರ್ ಗಂಟಲು ಕಟ್ಟೋವರೆಗೂ ಕೂಗಿದರಂತೆ. ಏಳ್ರೋ, ನಿಮ್ಮ ನಿಮ್ಮ ಎಲೆಗೆ ಹೋಗ್ರೋ, ಅದು ಬರಬೇಕಾದೋರ ಜಾಗ. ಈ ಕೋಷ್ಟಕ ಜೋಡಿಸಿದ ಮಹಾನುಭಾವ ಇದೇ ಜಾಗ ಖಾಲಿ ಬಿಟ್ಟಿದ್ದ ಕಣ್ರೋ. ಆಗಿನ್ನೂ ಜರ್ಮೇನಿಯಂನ ಯಾರೂ ಕಂಡಿರಲಿಲ್ಲ. ಆದರೂ ಅವನು ಯಾರನ್ನೂ ಜರುಗಿಸಲಿಲ್ಲ, ಸಿಲಿಕಾನ್ ಮನೆಯೋರು ಒಬ್ಬರು ಬರಬೇಕು ಅಂತ ಬಿಟ್ಟ. ಎಷ್ಟೋ ವರ್ಷದ ಮೇಲೆ ಸಿಕ್ತು, ಸರಿಯಾಗಿ ಅಲ್ಲೇ ಕೂತ್ಕೊಳ್ತು ಅಂದರು.

ಇಷ್ಟನ್ನೂ ಗೇಟಿನ ಹತ್ತಿರ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ಕೊಂಡು ಚಿಕ್ಕತಾಯಿ ಕೇಳಿಸ್ಕೊಳ್ತಾ ನಿಂತಿದ್ದಳಂತೆ. ಮೆಲ್ಲಗೆ, ಆ ಎಲೆ ಯಾರದ್ದು ಮಿಸ್ ಅಂದಳು.

ಯಾರದ್ದು ಅಂತ ನನ್ನೇ ಕೇಳ್ತೀಯಲ್ಲೇ, ನಿಂದೇ, ಅಂದರು ಟೀಚರ್. ಅವತ್ತು ಬಾಯಿಗೆ ಬಂದಿದ್ದು ಅಂದುಬಿಟ್ಟೆ, ತಪ್ಪು ನಂದೇ. ನೀನು ಬರದಿದ್ದರೂ ಒಂದೇ ಅಂತೆ, ನೋಡು ಎಲ್ಲ ಹೆಂಗೆ ಅಡ್ಡಾದಿಡ್ಡಿ ಕೂತಿವೆ. ಹೊರೆ ಇಳಿಸಿ ಬಾ, ಪಾಯಸ ಆರ್ತಿದೆ.

ಹುಡುಗಿ ಬಂದು ಕೂತಳು, ಮಿಕ್ಕೋರೆಲ್ಲ ತಂತಮ್ಮ ಎಲೆಗೆ ವಾಪಸ್ ಹೋದರು. ಆಮೇಲೆ ಸೊಪ್ಪು ಎಲ್ಲಿ ಅಂತ ಅವರಪ್ಪ ಹುಡುಕ್ಕೊಂಡು ಬಂದನಂತೆ. ಟೀಚರ್ ಅವನನ್ನೂ ಆ ಬಿಗುಮಾನದೋರ ಪಕ್ಕ ಕೂರಿಸಿ ಬಡಿಸಿದರು. ಮಗಳು ನಾನು ಯಾಕೆ ಇಲ್ಲೇ ಕೂತಿದ್ದೀನಿ ಅಂತ ಹೈಡ್ರೋಜನ್ನಿಂದ ಶುರು ಮಾಡದೇ ಹೇಳಿದ್ದನ್ನ ಕೇಳಿ, ಎಲೆ ಬಳೀತಾ, ನೂಲು ಯಾರಾದರೂ ತೆಗೀತಾರೆ ಬಿಡಿ ಅಂದನಂತೆ. ಸೋಮವಾರ ಚಿಕ್ಕತಾಯಿ ಶಾಲೇಲೇ ಇದ್ದಳು.

ಅಲ್ಲಿಗೆ ಕತೆ ಮುಗೀತು, ಎಲೆ ಎತ್ತಿದರು. ಈಗ ಹೇಳು ನೋಡೋಣ, ಸಿಲಿಕಾನ್ ಕೆಳಗೆ ಯಾರು?

ಚಿಕ್ಕತಾಯಿ.

ಅಯ್ಯೋ ನಿನ್ನ. ಸುಮ್ನೆ ಮಲ್ಕೋ, ಬೆಳಿಗ್ಗೆ ಎದ್ದು ನೋಡೋಣ.