ಆರು ಬಾರಿಯ ಶಾಸಕರ ಹಳೆಯ ಕಲ್ಲು

ನಮ್ಮ ಮನೆತನ ಮೂರು ತಲೆಮಾರಿನಿಂದ ಈ ಊರಿನಲ್ಲಿ ಶಾಲೆ ನಡೆಸುತ್ತಿದೆ. ನಮ್ಮತ್ತ ಬೆರಳು ತೋರಿಸಿದವರು ಒಬ್ಬರೂ ಇರಲಿಲ್ಲ. ಆರು ಬಾರಿ ಶಾಸಕರಾದ ರುದ್ರಮುನಿಯಪ್ಪನವರು ಈಗ ಆತ್ಮಕಥೆ ಬರೆದಿದ್ದಾರೆ. ತುರ್ತು ಪರಿಸ್ಥಿತಿಯಲ್ಲಿ ನನ್ನ ತಂದೆಯೇ ತಮ್ಮನ್ನು ಪೊಲೀಸರಿಗೆ ಹಿಡಿದುಕೊಟ್ಟರಂತೆ!

ಕಳೆದ ಸೋಮವಾರ ಪತ್ರಕರ್ತರನ್ನು ಕಟ್ಟಿಕೊಂಡು ಶಾಲೆಗೇ ಬಂದರು.

"ಎಪ್ಪತ್ತಾರನೇ ಇಸವಿ ಪೂರ್ತಿ ಜೈಲಿನಲ್ಲಿದ್ದೆ. ನನ್ನನ್ನು ಹಿಡಿದದ್ದು ಇಲ್ಲೇ. ಇಲ್ಲೊಂದು ನನ್ನ ಹೆಸರಿನ ಕಲ್ಲು ಹಾಕಿಸಯ್ಯ!" ಎಂದು ನಮ್ಮ ಜವಾನನಿಗೆ ಗದರಿದರು.

ಜವಾನ ಕೈಮುಗಿದ.

"ಆಗ್ಲಿ ಸಾಹೇಬ್ರೇ. ತಮ್ಮ ಹಳೇ ಕಲ್ಲಿನ ಪಕ್ಕದಲ್ಲೇ ಹಾಕ್ಸೋಣ್ವಾ?"

"ನಂದು ಹಳೇ ಕಲ್ಲೂ ಇದೆಯಾ? ನಡಿ, ಎಲ್ಲರಿಗೂ ತೋರಿಸು!" ಎಂದು ಹಿಗ್ಗಿದರು.

ಜವಾನ ಎಲ್ಲರನ್ನೂ ಹುಡುಗರ ಶೌಚಾಲಯದ ಮುಂದೆ ನಿಲ್ಲಿಸಿ ಗೋಡೆಯ ಬಳ್ಳಿ ಸರಿಸಿದ. ಪತ್ರಕರ್ತನೊಬ್ಬ ಗಟ್ಟಿಯಾಗಿ ಓದಿದ: "ಉದ್ಘಾಟನೆ, ಪುರಸಭಾ ಸದಸ್ಯ ಶ್ರೀ ರುದ್ರಮುನಿಯಪ್ಪನವರಿಂದ. ೧೫ ಆಗಸ್ಟ್ ೧೯೭೬."

"ಜೈಲಿನೋರು ರಜಾ ಕೊಟ್ಟಿದ್ರಾ ಸಾಹೇಬ್ರೇ?" ಎಂದ ಜವಾನ.

ಅವರು ಪತ್ರಕರ್ತರನ್ನು ಅಲ್ಲೇ ಬಿಟ್ಟು ಕಾರು ಹತ್ತಿದರು.

ಆ ಪುಸ್ತಕ ಇನ್ನೂ ಅಂಗಡಿಗಳಲ್ಲಿದೆ. ರುದ್ರಮುನಿಯಪ್ಪನವರು ನನ್ನ ತಂದೆಯ ಹೆಸರು ಹೇಳಿ ಬಹಿರಂಗವಾಗಿ ಕ್ಷಮೆ ಕೇಳಬೇಕು.